ಒಂದು ಗೋಲಿನ ಸವಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ಹೆಸರುಗಳನ್ನು ನಮ್ಮ ಕಡೆಯವರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಬೀಗತನ, ಸಂತೆ, ಜಾತ್ರೆ, ಜಗಳ, ರಾಜಿ ಎಲ್ಲವೂ ಈ ಐದರೊಳಗೇ ಸುತ್ತಾಡುತ್ತಿರುತ್ತವೆ. ಹರಪನಹಳ್ಳಿ ಕೆಲವು ವರ್ಷ ದಾವಣಗೆರೆ ಜಿಲ್ಲೆಗೆ ಹೋಗಿ ಮರಳಿ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಯೇ ಹೊಸದಾಗಿ ಆಯಿತು. ಬೋರ್ಡುಗಳು ಬದಲಾದವೇ ಹೊರತು ನಂಟು ಬದಲಾಗಲಿಲ್ಲ. ಇಲ್ಲಿಯ ಆಟಗಳೂ ಹಾಗೆಯೇ. ಯಾವ ಊರಿನ ಶಾಲೆಯ ಬಯಲಿಗೆ ಹೋದರೂ ಕಬಡ್ಡಿಯ ಗೆರೆ, ಖೋಖೋದ ಕಂಬ, ವಾಲಿಬಾಲಿನ ನೆಟ್ಟು ಕಾಣುತ್ತವೆ. ಇಳಿಹೊತ್ತಿನಲ್ಲಿ ಕ್ರಿಕೆಟ್ಟು. ಫುಟ್‌ಬಾಲ್ ಮಾತ್ರ ನಮ್ಮಲ್ಲಿ ಬಂಧುವಾಗಿ ನೆಲೆಸದೆ ಅಪರೂಪದ ನೆಂಟನಾಗಿಯೇ ಉಳಿದಿದೆ.

ಇಂಥ ಸೀಮೆಯಲ್ಲಿ ಕೂತು ನಾನು ಮನಸಾರೆ ಮೆಚ್ಚಿಕೊಂಡಿರುವ ಒಬ್ಬ ಆಟಗಾರನಿದ್ದಾನೆ. ವೇಲ್ಸ್ ದೇಶದ ನೀಲ್ ಟೇಲರ್. ಫುಟ್‌ಬಾಲ್ ಬಲ್ಲವರು ಕೂಡ ಈ ಹೆಸರನ್ನು ಕೇಳಿ ಒಂದು ಗಳಿಗೆ ಯೋಚಿಸುತ್ತಾರೆ. ವೇಲ್ಸ್ ಎಂದರೆ ಗ್ಯಾರೆತ್ ಬೇಲ್, ರಯಾನ್ ಗಿಗ್ಸ್, ಆರನ್ ರಾಮ್ಸೆ ಅಲ್ಲವೇ ಎನ್ನುತ್ತಾರೆ. ಹೌದು, ಅವರೆಲ್ಲ ದೊಡ್ಡವರು. ಅವರ ಗೋಲುಗಳನ್ನು ಜಗತ್ತೇ ಕೊಂಡಾಡಿದೆ. ಟೇಲರ್ ತನ್ನ ದೇಶಕ್ಕೆ ಆಡಿದ್ದು 43 ಪಂದ್ಯ, ಹೊಡೆದದ್ದು ಒಂದೇ ಗೋಲು. ಆ ಒಂದು ಗೋಲನ್ನು ನೆನೆದಾಗಲೆಲ್ಲ ನನಗೆ ಸಿಗುವ ಸಂತೋಷ ಬೇರೆಯವರ ಹತ್ತು ಗೋಲುಗಳಲ್ಲಿ ಸಿಕ್ಕಿಲ್ಲ.

ಅದರ ಸವಿ ತಿಳಿಯಬೇಕಾದರೆ ಟೇಲರ್ ಮಾಡುತ್ತಿದ್ದ ಕೆಲಸ ಎಂಥದ್ದೆಂದು ತಿಳಿಯಬೇಕು. ಹುಡುಗರು ಬಯಲಿನಲ್ಲಿ ಚೆಂಡು ಹಿಡಿದು ತಂಡ ಕಟ್ಟುವುದನ್ನು ಗಮನಿಸಿ. ಎಲ್ಲರಿಗೂ ಮುಂದೆ ನಿಲ್ಲುವ ಆಸೆ. ‘ನಾನು ಹಿಂದೆ ನಿಲ್ತೀನಿ’ ಎಂದು ಕೈ ಎತ್ತುವವನು ಸಿಗುವುದಿಲ್ಲ. ಕೊನೆಗೆ ಉಳಿದವನು ಹಿಂದೆ ನಿಲ್ಲುತ್ತಾನೆ. ಅದರಲ್ಲೂ ಎಡಮೂಲೆಗೆ ಹೋಗುವವನು ಇನ್ನೂ ಕಡಿಮೆ. ಟೇಲರ್ ಆ ಎಡಮೂಲೆಯ ಕಾವಲುಗಾರ, ಆಟದ ಮಾತಿನಲ್ಲಿ ಲೆಫ್ಟ್ ಬ್ಯಾಕ್. ಎದುರಾಳಿಗಳಲ್ಲಿ ಎಲ್ಲರಿಗಿಂತ ಚುರುಕಾಗಿ ಓಡುವವನು ಸಾಮಾನ್ಯವಾಗಿ ಆ ಬದಿಯಿಂದಲೇ ನುಗ್ಗುತ್ತಾನೆ. ಅವನನ್ನು ಗೆರೆಯ ಕಡೆಗೆ ಒತ್ತಿಕೊಂಡು ಹೋಗಬೇಕು, ಒಳಗೆ ತಿರುಗಲು ಬಿಡಬಾರದು, ಅವಸರಪಟ್ಟು ಕಾಲು ಚಾಚಬಾರದು. ಚಾಚಿದರೆ ಅವನು ಚೆಂಡನ್ನು ತಟ್ಟಿಕೊಂಡು ದಾಟಿಬಿಡುತ್ತಾನೆ. ಅವನ ಕಣ್ಣನ್ನಲ್ಲ, ಸೊಂಟವನ್ನೂ ಚೆಂಡನ್ನೂ ನೋಡುತ್ತಾ ಹಿಂದೆ ಹಿಂದೆ ಸರಿಯಬೇಕು. ಇಷ್ಟೆಲ್ಲ ಸರಿಯಾಗಿ ಮಾಡಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಏನೂ ಆಗದಂತೆ ನೋಡಿಕೊಳ್ಳುವುದೇ ಅವನ ಕೆಲಸ. ಆಗದೇ ಹೋದ ಗೋಲನ್ನು ಯಾವ ಪತ್ರಿಕೆ ಬರೆದೀತು?

ಇಷ್ಟರ ಮೇಲೆ ತನ್ನ ತಂಡಕ್ಕೆ ಚೆಂಡು ಸಿಕ್ಕಾಗ ಅವನು ಸುಮ್ಮನೆ ನಿಲ್ಲುವಂತಿಲ್ಲ. ಗೆರೆಯುದ್ದಕ್ಕೂ ಮುಂದಕ್ಕೆ ಓಡಿ, ಚೆಂಡು ಇರುವವನಿಗೆ ಒಂದು ದಾರಿ ತೋರಿಸಬೇಕು. ಹತ್ತು ಸಲ ಓಡಿದರೆ ಒಂದು ಸಲ ಅವನಿಗೆ ಪಾಸ್ ಬರಬಹುದು. ಉಳಿದ ಒಂಬತ್ತು ಸಲ ಅವನ ಓಟದಿಂದ ಎದುರಾಳಿ ಗಲಿಬಿಲಿಗೊಂಡು ಬೇರೊಬ್ಬನಿಗೆ ಜಾಗ ಸಿಗುತ್ತದೆ. ಆಮೇಲೆ ಅಷ್ಟೂ ದೂರ ವಾಪಸು ಓಡಿ ಬರಬೇಕು. ಇದು ತೊಂಬತ್ತು ನಿಮಿಷದ ದುಡಿಮೆ.

ಟೇಲರ್ ಹುಟ್ಟಿದ್ದು 1989ರ ಫೆಬ್ರವರಿಯಲ್ಲಿ, ಉತ್ತರ ವೇಲ್ಸ್‌ನ ಸೇಂಟ್ ಆಸಫ್ ಎಂಬ ಪುಟ್ಟ ಊರಿನಲ್ಲಿ. ತಾಯಿಯ ಮೂಲ ಕೋಲ್ಕತ್ತ. ವೇಲ್ಸ್ ಎಂದರೆ ಬೆಟ್ಟ, ಕುರಿ, ಹಳೆಯ ಕಲ್ಲಿದ್ದಲ ಗಣಿಗಳ ನಾಡು. ಜನಸಂಖ್ಯೆ ಮೂವತ್ತು ಲಕ್ಷದ ಆಸುಪಾಸು. ಬಳ್ಳಾರಿ, ವಿಜಯನಗರ ಎರಡೂ ಜಿಲ್ಲೆಗಳನ್ನು ಕೂಡಿಸಿದರೆ ಹೆಚ್ಚುಕಡಿಮೆ ಅಷ್ಟೇ ಜನ ನಾವೂ ಇದ್ದೇವೆ. ನಮ್ಮಲ್ಲೂ ಬೆಟ್ಟ, ಕುರಿ, ಗಣಿ ಎಲ್ಲ ಇವೆ. ಅಷ್ಟು ಸಣ್ಣ ನಾಡು ಯುರೋಪಿನ ದೊಡ್ಡ ದೇಶಗಳ ಎದುರು ಕಣಕ್ಕಿಳಿಯುತ್ತದೆಂಬುದೇ ನನಗೆ ಅದರ ಮೇಲೆ ಅಕ್ಕರೆ ಹುಟ್ಟಿಸಿತು.

ಹುಡುಗನಾಗಿದ್ದಾಗ ಟೇಲರ್ ಮ್ಯಾಂಚೆಸ್ಟರ್ ಸಿಟಿಯ ಎಳೆಯರ ತಂಡದಲ್ಲಿದ್ದ. ಅಲ್ಲಿ ಅವನನ್ನು ಮುಂದುವರಿಸಲಿಲ್ಲ. ದೊಡ್ಡ ಮನೆಯಿಂದ ಹೊರಬಿದ್ದವನು ತನ್ನ ಸೀಮೆಯ ರೆಕ್ಸಮ್ ತಂಡ ಸೇರಿದ. 1864ರಲ್ಲಿ ಹುಟ್ಟಿದ, ಬಹಳ ಹಳೆಯ ಕ್ಲಬ್ಬು ಅದು. ಅವನು ಅಲ್ಲಿ ಆಡತೊಡಗಿದ ಹೊಸದರಲ್ಲೇ, 2008ರಲ್ಲಿ, ಆ ತಂಡ ಸೋಲಿನ ಮೇಲೆ ಸೋಲು ಕಂಡು ಲೀಗಿನಿಂದಲೇ ಹೊರಗೆ, ಐದನೇ ದರ್ಜೆಗೆ ಜಾರಿತು. ಹತ್ತೊಂಬತ್ತು ವರ್ಷದ ಹುಡುಗನಿಗೆ ಅದೆಂಥ ಪೆಟ್ಟು! ಆದರೆ ಆ ಐದನೇ ದರ್ಜೆಯ ಆಟದಲ್ಲಿ ಅವನು ಎಷ್ಟು ಚೆನ್ನಾಗಿ ಬದಿ ಕಾಯ್ದನೆಂದರೆ 2010ರಲ್ಲಿ ಸ್ವಾನ್‌ಸೀ ತಂಡದವರು ಅವನನ್ನು ಕರೆದುಕೊಂಡರು. ಅದೇ ವರ್ಷ ವೇಲ್ಸ್ ತಂಡಕ್ಕೂ ಆಡಿದ.

ಸ್ವಾನ್‌ಸೀಯಲ್ಲಿ ಮೊದಲ ವರ್ಷವೇ ಪ್ರೀಮಿಯರ್ ಲೀಗಿಗೆ ಏರುವ ಅವಕಾಶ ಬಂತು. ಅದಕ್ಕಾಗಿ ನಡೆದ ಪ್ಲೇಆಫ್‌ನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರಿನ ಸೆಮಿಫೈನಲ್ಲಿನ ಮೊದಲ ಪಂದ್ಯ. ಆಟ ಶುರುವಾಗಿ ಒಂದು ನಿಮಿಷ ತುಂಬುವ ಮೊದಲೇ ಟೇಲರ್ ಕಾಲನ್ನು ತೀರಾ ಎತ್ತರಕ್ಕೆ ಚಾಚಿ ಕೆಂಪು ಕಾರ್ಡ್ ತಿಂದ. ಉಳಿದ ಹತ್ತು ಜನ ಇಡೀ ಪಂದ್ಯ ಹಲ್ಲುಕಚ್ಚಿ ನಿಂತು 0–0 ಮಾಡಿಕೊಂಡರು. ಮುಂದಿನ ಪಂದ್ಯ ಗೆದ್ದರು, ಫೈನಲ್ಲಿನಲ್ಲಿ ರೆಡಿಂಗ್ ತಂಡವನ್ನು 4–2ರಿಂದ ಸೋಲಿಸಿದರು. 2011ರಲ್ಲಿ ಸ್ವಾನ್‌ಸೀ ಪ್ರೀಮಿಯರ್ ಲೀಗ್ ಸೇರಿದ ಮೊದಲ ವೇಲ್ಸ್ ತಂಡವಾಯಿತು. ಒಬ್ಬ ಎಡವಿದರೆ ಹತ್ತು ಜನ ಎತ್ತುತ್ತಾರೆ ಎಂಬುದನ್ನು ಅವನು ಆ ವಾರ ಕಲಿತಿರಬೇಕು. ಮುಂದಿನ ವರ್ಷಗಳಲ್ಲಿ ಅವನು ಆ ಋಣವನ್ನು ಬದಿ ಕಾಯ್ದು ತೀರಿಸಿದ.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ತಂಡಕ್ಕೆ ಆಡಿದ. ಗಿಗ್ಸ್ ಆ ತಂಡದ ನಾಯಕ. ಕ್ವಾರ್ಟರ್ ಫೈನಲ್ಲಿನಲ್ಲಿ ದಕ್ಷಿಣ ಕೊರಿಯಾದ ಎದುರು ಪೆನಾಲ್ಟಿಯಲ್ಲಿ ಸೋತರು. ಸೆಪ್ಟೆಂಬರ್ ಒಂದನೇ ತಾರೀಕು ಸಂಡರ್‌ಲ್ಯಾಂಡ್ ಎದುರಿನ ಪಂದ್ಯದಲ್ಲಿ ಅವನ ಪಾದದ ಕೀಲು ಮುರಿಯಿತು. ಆ ಋತುವಿನ ಬಹುಪಾಲು ಹೊರಗೆ. ಮತ್ತೆ ನಡೆಯುವುದು, ಮತ್ತೆ ಓಡುವುದು, ಮತ್ತೆ ಜಾಗ ಗಿಟ್ಟಿಸುವುದು. ಎಲ್ಲ ಸೇರಿ ಸ್ವಾನ್‌ಸೀಯಲ್ಲಿ ಆರೂವರೆ ವರ್ಷ ಆಡಿದ. ಹೊಡೆದ ಗೋಲು ಒಂದೂ ಇಲ್ಲ.

2016ರ ಜೂನ್ ಬಂತು. 1958ರ ವಿಶ್ವಕಪ್ ಬಿಟ್ಟರೆ ವೇಲ್ಸ್ ದೊಡ್ಡ ಪಂದ್ಯಾವಳಿಯ ಮುಖವನ್ನೇ ಕಂಡಿರಲಿಲ್ಲ. ಐವತ್ತೆಂಟು ವರ್ಷದ ಮೇಲೆ ಫ್ರಾನ್ಸಿನಲ್ಲಿ ನಡೆದ ಯೂರೋ ಕಪ್ಪಿಗೆ ಬಂದಿತ್ತು. ಗುಂಪಿನ ಕೊನೆಯ ಪಂದ್ಯ ಟುಲೂಸ್ ನಗರದಲ್ಲಿ, ರಷ್ಯಾ ಎದುರು, ಜೂನ್ 20ರ ರಾತ್ರಿ. ಆ ದಿನ ನಮ್ಮಲ್ಲಿ ಕಾರಹುಣ್ಣಿಮೆ. ಸಂಜೆಯೆಲ್ಲ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಕರಿ ಹರಿಯುವುದನ್ನು ನೋಡಿ, ಹೋಳಿಗೆ ಉಂಡು ಊರು ಮಲಗಿತ್ತು. ನಮ್ಮ ಗಡಿಯಾರದಲ್ಲಿ ಪಂದ್ಯ ಶುರುವಾದದ್ದು ಹನ್ನೆರಡೂವರೆಗೆ. ನಾನೂ ನನ್ನ ತಮ್ಮನ ಮಗನೂ ಟಿವಿಯ ದನಿ ತಗ್ಗಿಸಿ ಕೂತಿದ್ದೆವು.

ಹನ್ನೊಂದನೇ ನಿಮಿಷಕ್ಕೆ ರಾಮ್ಸೆ ಗೋಲು ಹೊಡೆದ. ಹುಡುಗ ಹಿಗ್ಗಿದ. ನನ್ನ ಕಣ್ಣು ಮಾತ್ರ ಎಡಬದಿಯ ಮೂರನೇ ನಂಬರಿನ ಮೇಲೆಯೇ ಇತ್ತು. ಇಪ್ಪತ್ತನೇ ನಿಮಿಷಕ್ಕೆ ಬೇಲ್ ಚೆಂಡು ಹಿಡಿದು ನಡುವೆ ನುಗ್ಗಿದ.

“ದೊಡ್ಡಪ್ಪ, ಆ ಮೂರು ನಂಬರಿನವ ಯಾಕ ಅಷ್ಟು ಮುಂದ ಬಂದಾನ?” ಎಂದ ಹುಡುಗ.

“ಬರ್ಲಿ ತಗಾ, ಅವನ ಜಾಗ ಕಾಯಾಕ ಬ್ಯಾರೆಯವರು ಅದಾರ” ಎಂದೆ.

ಮಾತು ಮುಗಿಯುವಷ್ಟರಲ್ಲಿ ಚೆಂಡು ಎಡಕ್ಕೆ ಸಿಡಿದು ಅವನ ಕಾಲಿಗೇ ಬಂತು. ಎದುರಿಗೆ ಗೋಲ್‌ಕೀಪರ್ ಅಕಿನ್‌ಫೀವ್ ಒಬ್ಬನೇ. ಟೇಲರ್ ಒದ್ದ. ನೆಟ್ಟಗೆ ಕೀಪರನ ಮೈಗೇ! ವರ್ಷಗಟ್ಟಲೆ ಗೋಲು ತಡೆದು ಅಭ್ಯಾಸವಾದ ಕಾಲು, ಹೊಡೆಯುವ ಗಳಿಗೆಯಲ್ಲಿ ಬಿಗಿಯಿತೋ ಏನೋ. ಆದರೆ ಚೆಂಡು ಅಲ್ಲಿಂದ ಪುಟಿದು ಮತ್ತೆ ಅವನ ಮುಂದೆಯೇ ಬಿತ್ತು. ಮುಂದಿನ ಸಾಲಿನ ಅನೇಕರು ಮೊದಲ ಏಟು ತಪ್ಪಿದೊಡನೆ ತಲೆಯ ಮೇಲೆ ಕೈ ಹೊತ್ತು ನಿಂತುಬಿಡುತ್ತಾರೆ. ಅವನು ನಿಲ್ಲಲಿಲ್ಲ. ಚೆಂಡು ಎಲ್ಲಿ ಬಿದ್ದೀತೆಂದು ನೋಡುವುದು ಕಾವಲಿನವನ ರೂಢಿ. ಎರಡನೇ ಸಲ ಒದ್ದ. ಬಲೆ ಅದುರಿತು.

“ಅವನಾ ಹೊಡ್ದ ನೋಡು ದೊಡ್ಡಪ್ಪ!” ಎಂದು ಹುಡುಗ ಕೂಗಿದ್ದಕ್ಕೆ ಒಳಗೆ ಮಲಗಿದವರೆಲ್ಲ ಎದ್ದರು.

ಅದು ಅವನು ಆರು ವರ್ಷಗಳ ಮೇಲೆ ಹೊಡೆದ ಗೋಲು. ಹಿಂದಿನದು 2010ರಲ್ಲಿ, ರೆಕ್ಸಮ್‌ಗೆ ಹೊಡೆದದ್ದು. ದೇಶಕ್ಕೆ ಅದೇ ಮೊದಲನೆಯದು, ಅದೇ ಕೊನೆಯದು. ಟುಲೂಸಿನ ಆ ಪಚ್ಚೆ ಹುಲ್ಲಿನ ಮೇಲೆ ಅವನು ಓಡಿದ ರೀತಿ ನೋಡಬೇಕಿತ್ತು. ಸಂಭ್ರಮವನ್ನು ಹೇಗೆ ಮಾಡಬೇಕೆಂದೇ ತಿಳಿಯದವನ ಸಂಭ್ರಮ ಅದು. ಬೇಲ್, ರಾಮ್ಸೆ ಅವನನ್ನು ಅಪ್ಪಿಕೊಂಡಾಗ ಅವರ ಮುಖದಲ್ಲಿ ತಮ್ಮ ಗೋಲಿಗಿಂತ ಹೆಚ್ಚಿನ ಖುಷಿ ಕಂಡಿತು ನನಗೆ. ಪಂದ್ಯ 3–0. ವೇಲ್ಸ್ ಆ ಗುಂಪಿನ ಮೊದಲ ಸ್ಥಾನ ಪಡೆಯಿತು. ಆಮೇಲೆ ಉತ್ತರ ಐರ್ಲೆಂಡನ್ನೂ ಬೆಲ್ಜಿಯಮ್ಮನ್ನೂ ಗೆದ್ದು ಸೆಮಿಫೈನಲ್ ತಲುಪಿ, ಜುಲೈ 6ರಂದು ಲಿಯಾನ್‌ನಲ್ಲಿ ಪೋರ್ಚುಗಲ್ಲಿಗೆ 2–0ರಿಂದ ಸೋತಿತು. ಆರೂ ಪಂದ್ಯಗಳಲ್ಲಿ ಎಡಮೂಲೆಯಲ್ಲಿ ಟೇಲರ್ ಇದ್ದ.

ನಮ್ಮ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಕಾರಣಿಕ ನಡೆಯುತ್ತದೆ. ವ್ರತ ಹಿಡಿದ ಗೊರವಯ್ಯ ಡೆಂಗನ ಮರಡಿಯಲ್ಲಿ ಬಿಲ್ಲನ್ನೇರುತ್ತಾನೆ. ‘ಸದ್ದಲೇ’ ಎಂದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಅವನು ಒಂದೇ ಒಂದು ಮಾತು ನುಡಿದು ಕೆಳಗೆ ಬೀಳುತ್ತಾನೆ, ಭಕ್ತರು ಹಿಡಿದುಕೊಳ್ಳುತ್ತಾರೆ. ಮಳೆ, ಬೆಳೆ, ರಾಜಕೀಯ ಎಲ್ಲಕ್ಕೂ ಆ ಒಂದು ಮಾತನ್ನೇ ವರ್ಷವಿಡೀ ಜನ ಹಚ್ಚಿ ನೋಡುತ್ತಾರೆ. ಅವನೇ ದಿನಾ ಬಿಲ್ಲೇರಿ ಹತ್ತು ಮಾತು ಹೇಳಿದ್ದರೆ ಅದಕ್ಕೆ ಈ ತೂಕ ಬರುತ್ತಿತ್ತೇ? ಟೇಲರನ ಗೋಲಿಗೂ ಅಂಥ ತೂಕವಿದೆ. ಅದರ ಹಿಂದೆ ವರ್ಷಗಳ ಮೌನವಿದೆ, ವ್ರತವಿದೆ.

ಕಾವಲಿನವನ ಬದುಕಿನಲ್ಲಿ ಇನ್ನೊಂದು ಬಗೆಯ ಗಳಿಗೆಯೂ ಇರುತ್ತದೆ. 2017ರ ಮಾರ್ಚ್ 24ರಂದು ಡಬ್ಲಿನ್‌ನಲ್ಲಿ ಐರ್ಲೆಂಡ್ ಎದುರಿನ ಪಂದ್ಯ. ಟೇಲರ್ ಚೆಂಡಿಗೆಂದು ಜಾರಿ ಹಾಕಿದ ಕಾಲು ಐರ್ಲೆಂಡಿನ ನಾಯಕ ಸೀಮಸ್ ಕೋಲ್ಮನ್‌ಗೆ ಬಡಿದು, ಅವರ ಮೊಣಕಾಲ ಕೆಳಗಿನ ಎಲುಬುಗಳು ಮುರಿದವು. ಕೆಂಪು ಕಾರ್ಡ್, ಎರಡು ಪಂದ್ಯದ ನಿಷೇಧ, ಎಲ್ಲ ಕಡೆಯಿಂದ ಬೈಗುಳ. ಕೋಲ್ಮನ್ ಮರಳಿ ಆಡಲು ಹತ್ತು ತಿಂಗಳು ಬೇಕಾಯಿತು. ಐದು ವರ್ಷದ ಹಿಂದೆ ತಾನೇ ಕೀಲು ಮುರಿದುಕೊಂಡು ಹಾಸಿಗೆ ಹಿಡಿದಿದ್ದವನಿಗೆ ಇನ್ನೊಬ್ಬರ ಕಾಲು ಮುರಿದ ಸಂಕಟ ಎಷ್ಟಿದ್ದೀತು! ಆ ಟ್ಯಾಕಲ್ ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಂದೆ ನಿಂತವನ ಮೇಲೆ ಬೀಳುವ ಹೊರೆ ಎಂಥದ್ದೆಂದು ಅದು ತೋರಿಸುತ್ತದೆ. ಮುಂದಿನವನು ಎಡವಿದರೆ ಒಂದು ಗೋಲು ತಪ್ಪುತ್ತದೆ. ಹಿಂದಿನವನು ಅರೆಗಳಿಗೆ ತಡಮಾಡಿದರೆ ಪಂದ್ಯವೇ ಹೋದೀತು, ಕೆಲವೊಮ್ಮೆ ಇನ್ನೊಬ್ಬನ ಎಲುಬೂ ಹೋದೀತು. ಅದೇ ವರ್ಷದ ಆರಂಭದಲ್ಲಿ ಆಸ್ಟನ್ ವಿಲ್ಲಾ ಸೇರಿದ್ದ ಟೇಲರ್ ಆಟ ಬಿಡಲಿಲ್ಲ. 2019ರಲ್ಲಿ ಆ ತಂಡ ಮರಳಿ ಪ್ರೀಮಿಯರ್ ಲೀಗಿಗೆ ಏರಿತು. ಕೊನೆಗೆ ಮಿಡ್ಲ್ಸ್‌ಬರೋ ತಂಡಕ್ಕೆ ಆಡಿ, 2022ರಲ್ಲಿ, ಮೂವತ್ತಮೂರರ ವಯಸ್ಸಿನಲ್ಲಿ ನಿವೃತ್ತನಾದ.

ದೂರದ ವೇಲ್ಸ್‌ನವನನ್ನು ಹೀಗೆ ಹೊಗಳುವಾಗ ನಮ್ಮವರನ್ನು ಮರೆಯಲಾಗದು. 1948ರ ಜುಲೈ 31ರಂದು ಲಂಡನ್ನಿನ ಇಲ್‌ಫರ್ಡ್‌ನಲ್ಲಿ ಭಾರತ ಒಲಿಂಪಿಕ್ಸ್ ಫುಟ್‌ಬಾಲಿನ ತನ್ನ ಮೊದಲ ಪಂದ್ಯ ಆಡಿತು, ಫ್ರಾನ್ಸ್ ಎದುರು. ನಮ್ಮವರಲ್ಲಿ ಹೆಚ್ಚಿನವರ ಕಾಲಲ್ಲಿ ಬೂಟಿರಲಿಲ್ಲ. ಸಿಕ್ಕ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಫ್ರಾನ್ಸ್ ಒಂದು ಗೋಲಿನಿಂದ ಮುಂದಿದ್ದಾಗ, ಎಪ್ಪತ್ತನೇ ನಿಮಿಷಕ್ಕೆ ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಅದು. ಪಂದ್ಯ ಮುಗಿಯುವ ಹೊತ್ತಿಗೆ ಫ್ರಾನ್ಸ್ ಇನ್ನೊಂದು ಹೊಡೆದು 2–1ರಿಂದ ಗೆದ್ದಿತು. ಸ್ವಾತಂತ್ರ್ಯ ಬಂದು ವರ್ಷ ತುಂಬದ ದೇಶಕ್ಕೆ ಆ ಒಂದು ಗೋಲು ಕೊಟ್ಟ ಧೈರ್ಯವನ್ನು ಯಾವ ಪಟ್ಟಿಯಲ್ಲಿ ಬರೆದಿಡುವುದು?

ರಾಮನ್ ನಂತರ ಬಂದವರಲ್ಲಿ ಕೆಂಪಯ್ಯನವರು ನನಗೆ ಹತ್ತಿರದವರೆನಿಸುತ್ತಾರೆ. ಬೆಂಗಳೂರಿನವರು, ಹಾಫ್‌ಬ್ಯಾಕ್ ಜಾಗದ ಆಟಗಾರ. 1956ರ ಮೆಲ್ಬರ್ನ್, 1960ರ ರೋಮ್ ಎರಡೂ ಒಲಿಂಪಿಕ್ಸ್ ತಂಡಗಳಲ್ಲಿದ್ದರು. ಮೆಲ್ಬರ್ನ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿದ ಪಂದ್ಯದಲ್ಲಿ ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ಹೆಸರು ಎಲ್ಲರಿಗೂ ಗೊತ್ತು, ಗೊತ್ತಿರಲೇಬೇಕು. ಆ ಸಲ ಭಾರತ ನಾಲ್ಕನೇ ಸ್ಥಾನ ಪಡೆಯಿತು. ಹಾಫ್‌ಬ್ಯಾಕಿನವರು ಎದುರಾಳಿಯಿಂದ ಕಿತ್ತು ಮುಂದಕ್ಕೆ ಕೊಟ್ಟ ಚೆಂಡುಗಳ ಲೆಕ್ಕ ಮಾತ್ರ ಯಾರ ಬಳಿಯೂ ಇಲ್ಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿನವರೇ ಆದ ಕಾರ್ಲ್ಟನ್ ಚಾಪ್‌ಮನ್ ಬಂದರು. 1993ರಲ್ಲಿ ಈಸ್ಟ್ ಬೆಂಗಾಲ್ ಪರವಾಗಿ ಇರಾಕಿನ ಅಲ್ ಜವ್ರಾ ತಂಡದ ಎದುರು ಮೂರು ಗೋಲು ಹೊಡೆದರು. ಆದರೆ ಅವರು ಬಾಳಿದ್ದು ಗೋಲು ಹೊಡೆಯುವವರಾಗಿ ಅಲ್ಲ. ಮೈದಾನದ ನಡುವೆ ನಿಂತು ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಅವರಂಥವರಿಗೆ ಚೆಂಡು ಒದಗಿಸಿದರು. ಅವರಿದ್ದ ಜೆಸಿಟಿ ತಂಡ ಮೊದಲ ರಾಷ್ಟ್ರೀಯ ಲೀಗ್ ಗೆದ್ದಿತು. 1997ರಲ್ಲಿ ಅವರ ನಾಯಕತ್ವದಲ್ಲಿ ಭಾರತ ಸ್ಯಾಫ್ ಕಪ್ ಎತ್ತಿತು. ಆಟ ಬಿಟ್ಟ ಮೇಲೆ ಎಳೆಯರಿಗೆ ಕಲಿಸುತ್ತಾ ಊರೂರು ಅಲೆದರು. 2020ರ ಅಕ್ಟೋಬರಿನಲ್ಲಿ, ನಲವತ್ತೊಂಬತ್ತಕ್ಕೇ, ಹೃದಯಾಘಾತದಿಂದ ತೀರಿಕೊಂಡರು. ಇನ್ನಷ್ಟು ಹುಡುಗರನ್ನು ತಿದ್ದಬೇಕಿದ್ದ ಕೈ ಅದು ಎಂದು ಈಗಲೂ ಮರುಗುತ್ತೇನೆ.

ಮೈಸೂರು ತಂಡ 1952–53ರಲ್ಲಿ ಸಂತೋಷ್ ಟ್ರೋಫಿ ಗೆದ್ದಾಗ ನಮ್ಮ ತಾಲ್ಲೂಕುಗಳು ಇನ್ನೂ ಮದರಾಸಿಗೆ ಸೇರಿದ್ದವು. ನಾವು ಮೈಸೂರಿಗೆ ಬಂದದ್ದು 1953ರ ಅಕ್ಟೋಬರಿನಲ್ಲಿ. 1968–69ರಲ್ಲಿ ಮತ್ತೆ ಗೆದ್ದ ಮೇಲೆ ಐವತ್ತನಾಲ್ಕು ವರ್ಷ ಕಾಯಬೇಕಾಯಿತು. 2023ರ ಮಾರ್ಚಿನಲ್ಲಿ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಆ ಟ್ರೋಫಿಯನ್ನು ಮನೆಗೆ ತಂದಿತು. ಈಗಂತೂ ನಮ್ಮ ಮಗ್ಗುಲಿಗೇ ಫುಟ್‌ಬಾಲ್ ಬಂದು ಕೂತಿದೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ಕ್ರೀಡಾ ಸಂಸ್ಥೆಯಲ್ಲಿ ಬೆಂಗಳೂರು ಎಫ್‌ಸಿಯ ಎಳೆಯರು ತರಬೇತಿ ಪಡೆದಿದ್ದಾರೆ. ಕೊಟ್ಟೂರಿನ ಹುಡುಗ, ಹಡಗಲಿಯ ಹುಡುಗಿ ಬೂಟು ಕಟ್ಟಿಕೊಂಡು ಆ ದಾರಿ ಹಿಡಿಯುವ ದಿನ ದೂರವಿಲ್ಲ ಎಂದು ನಂಬಿದ್ದೇನೆ.

ನಂಬಿಕೆಗೆ ಕಾರಣವೂ ಇದೆ. ನಮ್ಮ ಸೀಮೆಯ ಕಣ್ಣಿಗೆ ಕಾವಲಿನವನನ್ನು ಗುರುತಿಸುವುದು ಮೊದಲಿನಿಂದಲೂ ಗೊತ್ತು. ಹರಪನಹಳ್ಳಿಯಲ್ಲೋ ಹಗರಿಬೊಮ್ಮನಹಳ್ಳಿಯಲ್ಲೋ ರಾತ್ರಿ ದೀಪದ ಬೆಳಕಿನಲ್ಲಿ ನಡೆಯುವ ಕಬಡ್ಡಿಗೆ ಹೋಗಿ ನೋಡಿ. ರೈಡ್ ಹೋದವನು ಪಾಯಿಂಟು ತಂದರೆ ಚಪ್ಪಾಳೆ ಬೀಳುತ್ತದೆ, ಸರಿ. ಆದರೆ ಮೂಲೆಯಲ್ಲಿ ಬಗ್ಗಿ ಕಾದು ಕೂತವನು ರೈಡರನ ಕಣಕಾಲನ್ನು ಗಬಕ್ಕನೆ ಹಿಡಿದಾಗ ಏಳುವ ಕೇಕೆಯೇ ಬೇರೆ. ಮುದುಕರು ಕೂಡ ಎದ್ದು ನಿಲ್ಲುತ್ತಾರೆ. ಬಹುಮಾನ ಕೊಡುವಾಗ ಉತ್ತಮ ರೈಡರ್ ಜೊತೆಗೆ ಉತ್ತಮ ಕ್ಯಾಚರ್ ಎಂದು ಇನ್ನೊಂದು ಕಪ್ಪು ಇದ್ದೇ ಇರುತ್ತದೆ. ಹಿಡಿಯುವವನಿಗೂ ಹೊಡೆಯುವವನಷ್ಟೇ ಮಾನ ಕೊಡುವ ಈ ಪಾಠವನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗಾಗಿ ನಮ್ಮ ಕಡೆಯ ಮಾಸ್ತರರಲ್ಲಿ, ಪಿ.ಇ. ಟೀಚರುಗಳಲ್ಲಿ, ಸಂಜೆ ಬಯಲಿಗೆ ಬಂದು ಆಟ ನೋಡುವ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಫುಟ್‌ಬಾಲ್ ತಂಡ ಕಟ್ಟುವಾಗ ಎಡಮೂಲೆಗೆ ಉಳಿದವನನ್ನು ತಳ್ಳಬೇಡಿ. ಹೆಸರು ಹಿಡಿದು ಕರೆದು, ಇದು ನಿನ್ನ ಜಾಗ, ಇದು ದೊಡ್ಡ ಜಾಗ ಎಂದು ಹೇಳಿ ನಿಲ್ಲಿಸಿ. ಅವನು ಹತ್ತು ವರ್ಷ ಒಂದೂ ಗೋಲು ಹೊಡೆಯದೆ ಹೋಗಬಹುದು. ಹೊಡೆಯದಿದ್ದರೂ ಅವನ ಆಟ ಪೂರ್ತಿಯಾದ ಆಟವೇ. ಹೊಡೆದರಂತೂ ಆ ಒಂದು ಗೋಲಿಗೆ ಊರೇ ಎದ್ದು ಕೂರುತ್ತದೆ.